ಹೊಸಬಾಳೆ ಹಳ್ಳದ ಹುಳಿ ಮಿಡಿ ಮರ

ನನ್ನ ಮೊಮ್ಮಗಳು ಸವಿತಾ ಕೃಷಿ ಕಾಲೇಜಿನಲ್ಲಿ ಓದುತ್ತಾಳೆ. ರಜೆಗೆ ಬಂದವಳು, "ಅಜ್ಜಾ, ಕಾಡು ಮಾವಿನ ಮರ ಹುಡುಕಬೇಕು. ನೀ ಬರ್ತೀಯೇನು?" ಎಂದಳು. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನನ್ನನ್ನು ಕಾಲೇಜಿನ ಹುಡುಗಿ ಕರೆಯುತ್ತಿದ್ದಾಳೆ! ಮರುದಿನ ಬೆಳಕು ಹರಿಯುವ ಮೊದಲೇ ಇಸ್ತ್ರಿ ಅಂಗಿ ಹಾಕಿಕೊಂಡು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ.

ಸೊರಬದ ಬಸ್ಸು ತುಂಬಿತ್ತು. ಕಂಡಕ್ಟರ್ ಹತ್ತಿರ ಬರುತ್ತಲೇ, "ನನ್ನ ಮೊಮ್ಮಗಳ್ರೀ, ಅಗ್ರಿಕಲ್ಚರ್ ಓದ್ತಾಳ" ಎಂದೆ.

"ಗೊತ್ತಾತ್ರೀ ಅಜ್ಜಾರ, ಆಗ್ಲೇ ಬಸ್ಸಿಗೆಲ್ಲ ಹೇಳೀರಿ. ಟಿಕೇಟು ಎಲ್ಲಿಗೆ ಕೊಡ್ಲಿ?"

ಸೊರಬದಲ್ಲಿ ಅವಲಕ್ಕಿ ತಿಂದು, ಚಹಾ ಕುಡಿದು, ಇನ್ನೊಂದು ಬಸ್ಸು ಹಿಡಿದು ಹೊಸಬಾಳೆಯಲ್ಲಿ ಇಳಿದಾಗ ಬಿಸಿಲು ಏರಿತ್ತು. ಅಲ್ಲಿ ನನ್ನ ಅಕ್ಕ ಗೌರಕ್ಕನ ಮನೆ. ರೊಟ್ಟಿಯ ಜೊತೆ ಜೀರಿಗೆ ಮಿಡಿಯ, ಅಂದರೆ ಜೀರಿಗೆ ಪರಿಮಳದ ಎಳೆ ಮಾವಿನಕಾಯಿಯ, ಉಪ್ಪಿನಕಾಯಿ ಬಡಿಸಿದಳು. ಹೋದ ವರ್ಷದ್ದಾದರೂ ಮಿಡಿ ಹಲ್ಲಿಗೆ ಕಟುಂ ಎಂದಿತು.

ಊಟ ಮುಗಿಸಿ ಮೂವರೂ ಹಳ್ಳಕ್ಕೆ ಹೋದೆವು. ದಂಡೆಯ ಮೇಲೆ ಐದು ಮಾವಿನ ಮರ. ಯಾರೂ ನೆಟ್ಟವಲ್ಲ, ಗೊರಟೆ ಬಿದ್ದು ಹುಟ್ಟಿದವು. ಎಲೆ ಹಿಸುಕಿ ಮೂಸಿ ಮರ ಗುರುತಿಸುವುದು ನಮ್ಮವರ ರೂಢಿ. ಸವಿತಾ ಎಲೆ ಕಿತ್ತು ಕೊಡುತ್ತ ಹೋದಳು, ನಾನು ಕಣ್ಣು ಮುಚ್ಚಿ ಮೂಸುತ್ತ, "ಇದು ಜೀರಿಗೆ, ಇದು ಕರ್ಪೂರ" ಎನ್ನುತ್ತ ಹೋದೆ. ಅವಳು ಪುಸ್ತಕದಲ್ಲಿ ಬರೆದುಕೊಂಡಳು. ನಾನು ಆಡಿದ ಮಾತನ್ನು ಒಬ್ಬರು ಬರೆದುಕೊಂಡದ್ದು ಈ ಜನ್ಮದಲ್ಲಿ ಅದೇ ಮೊದಲು.

"ಪಕ್ಕಪಕ್ಕದ ಮರ, ಪರಿಮಳ ಯಾಕ ಬ್ಯಾರೆ?" ಎಂದು ಕೇಳಿದೆ.

"ಗೊರಟೆಯಿಂದ ಹುಟ್ಟಿದ್ದು ತಾಯಿ ಥರಾನೇ ಇರಲ್ಲ ಅಜ್ಜಾ. ಒಂದೊಂದಕ್ಕೆ ಒಂದೊಂದು ಗುಣ. ಹೊಸ ತಳಿ ಮಾಡೋರಿಗೆ ಅವೆಲ್ಲ ಬೇಕು."

ಐದನೆಯ ಮರದ ಎರಡು ಕೊಂಬೆಗಳನ್ನು ಯಾರೋ ಕಡಿದು ನೆಲಕ್ಕೆ ಕೆಡವಿದ್ದರು. "ಇದು ಬರೀ ಹುಳಿ, ಬಿಡು" ಎಂದೆ.

ಗೌರಕ್ಕ ನಕ್ಕಳು. "ಹೋದ ಸಲ ಬಂದಾಗ ನೀನೇ ಅಲ್ವೇನೋ, 'ನಾರು, ಹುಳಿ, ಕಡಿಸು ಅಕ್ಕಾ' ಅಂದೋನು? ಕಡಿಯೋರಿಗೆ ಹೇಳೀನಿ. ಕೊಂಬೆ ಕಡಿದಾಯ್ತು, ನಾಳೆ ಬುಡಕ್ಕೆ ಕೊಡಲಿ ಹಾಕ್ತಾರೆ." ಆಮೇಲೆ ಮರದ ಕಡೆ ನೋಡಿ, "ಆದ್ರೂ ಇದಕ್ಕೆ ಭಾರೀ ಸೊಕ್ಕು. ಜಿಗಿಹುಳ ಬಂದ ವರ್ಷ ಎಲ್ಲಾ ಮರದ ಹೂ ಕರಕಲಾಯ್ತು. ಇದೊಂದೇ ಮಿಡಿ ಹೊತ್ತು ಜೋತಾಡ್ತಿತ್ತು" ಎಂದಳು.

ಸವಿತಾಳ ಪೆನ್ನು ನಿಂತಿತು. "ಅಜ್ಜಿ, ದಯವಿಟ್ಟು ಕಡಿಸಬೇಡಿ! ಇದರ ಹೂವನ್ನೂ ಜೀರಿಗೆ ಹೂವನ್ನೂ ಕೂಡಿಸಿ ಕಾಯಿ ಕಟ್ಟಿಸಿದ್ರೆ, ಆ ಪರಿಮಳ, ಈ ಗಟ್ಟಿತನ ಎರಡೂ ಇರೋ ಸಸಿ ಸಿಗಬಹುದು."

"ಸಿಗತೈತೇನು?" ಎಂದೆ.

"ಗೊತ್ತಿಲ್ಲ ಅಜ್ಜಾ, ವರ್ಷಗಟ್ಟಲೆ ಕಾಯಬೇಕು. ಮರಾನೇ ಇಲ್ದಿದ್ರೆ ಏನು ನೋಡೋದು?"

ನನ್ನ ನಾಲಿಗೆಗೆ ಹಿಡಿಸಲಿಲ್ಲವೆಂದು ಇಂಥ ಮರವನ್ನು ಕಡಿಸಲು ಹೊರಟಿದ್ದೆನಲ್ಲ!

"ಕಡಿಯೋರಿಗೆ ಬೇಡ ಅಂತೀನಿ ಮಗಾ," ಎಂದಳು ಗೌರಕ್ಕ. "ಆದ್ರೆ ಹಳ್ಳದ ದಂಡೆ ಸರ್ಕಾರದ್ದು, ಹೇಳೋರು ಕೇಳೋರು ಇಲ್ಲ. ಅರ್ಧ ಕಡಿದ ಮರ ಕಂಡ್ರೆ ಇನ್ಯಾರೋ ಕೊಡಲಿ ತರ್ತಾರೆ." ಸ್ವಲ್ಪ ಯೋಚಿಸಿ ನನ್ನ ಕಡೆ ತಿರುಗಿದಳು. "ಲೇ ತಮ್ಮಾ, ಹಳ್ಳದಾಗಿಂದ ಒಂದು ದುಂಡನೆ ಕಲ್ಲು ತಾ."

ಧೋತ್ರ ಎತ್ತಿ ಕಟ್ಟಿ ನೀರಿಗಿಳಿದೆ. ನಾನು ತಂದ ಕಲ್ಲನ್ನು ಅವಳು ಮರದ ಬುಡದಲ್ಲಿ ನಿಲ್ಲಿಸಿ, ಮನೆಯಿಂದ ಕುಂಕುಮ ತಂದು ಹಚ್ಚಿ, ಎರಡು ಹೂವು ಇಟ್ಟಳು.

"ಇದು ಯಾವ ದೇವ್ರು ಅಜ್ಜಿ?"

"ನಿನ್ನ ಹುಳಿ ದೇವ್ರು. ನಗಬೇಡ, ಕೈ ಮುಗಿ."

ಸವಿತಾ ಎಲ್ಲ ಮರಗಳಿಂದಲೂ ಕಸಿಗೆ ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಪಟ್ಟೆಯೊಳಗೆ ಕಟ್ಟಿದಳು. ಆ ಕಟ್ಟನ್ನು ಹಸುಗೂಸಿನಂತೆ ಎದೆಗೊತ್ತಿಕೊಂಡು ನಾನು ಬಸ್ಸಿನ ದಾರಿ ಹಿಡಿದೆ.

ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಸೌದೆಗೆಂದು ಕತ್ತಿ, ಹಗ್ಗ ಹಿಡಿದ ಹೆಂಗಸೊಬ್ಬಳು ದಂಡೆಯ ಮೇಲೆ ಬಂದಳು. ಬಿದ್ದ ಕೊಂಬೆ ನೋಡಿದಳು, ಮರ ನೋಡಿದಳು. ಕಲ್ಲು ಕಂಡಿತು. ಚಪ್ಪಲಿ ಬಿಟ್ಟು ಕೈ ಮುಗಿದು, ಬಿದ್ದ ಕೊಂಬೆಯನ್ನೂ ಮುಟ್ಟದೆ ಮುಂದಕ್ಕೆ ನಡೆದಳು.

"ನೋಡಿದ್ಯಾ?" ಎಂದೆ. ಸವಿತಾ ರಸ್ತೆಯಲ್ಲೇ ನಿಂತು ಪುಸ್ತಕ ತೆಗೆದು ಅದನ್ನೂ ಬರೆದುಕೊಂಡಳು.