ಬಿಚ್ಚುವ ಮೇಸ್ತ್ರಿ ಕಟ್ಟಿದ ಗೋಡೆ

ಅವತ್ತು ಬೆಳಿಗ್ಗೆ ಒಲೆಯ ಬೂದಿ ಬಳಿದೆ, ನಲ್ಲಿ ನೀರು ತಂದೆ, ಹಂಡೆಯನ್ನು ಉರುಳಿಸಿಕೊಂಡು ಹೋಗಿ ಹುಣಸೆಮರದ ಕೆಳಗಿಟ್ಟೆ, ಕೋಳಿಗಳನ್ನು ಮಂಕರಿಯಲ್ಲಿ ಮುಚ್ಚಿದೆ. ಆಂಡರ್ಸನ್‌ಪೇಟೆಯ ನಮ್ಮ ಹಳೇ ಮಣ್ಣಿನ ಮನೆಯ ಸೂರು ಇಳಿಸುವ ದಿನ ಅದು. ಚಿನ್ನದ ಗಣಿಗಳು ಸರ್ಕಾರದ ಕೈಗೆ ಬಂದ ಹೊಸತು. ಒಳಗೆ ಬಂಡೆ ಸಿಡಿದು ನೆಲ ಅದುರಿದಾಗಲೆಲ್ಲ ಗೋಡೆಯ ಬಿರುಕು ಅಗಲವಾಗುತ್ತ, ಕೊನೆಗೆ ನಮ್ಮತ್ತೆ ಅದರಲ್ಲಿ ಎಲೆಅಡಿಕೆ ಚೀಲ ಸಿಕ್ಕಿಸಿಡುವಷ್ಟಾಗಿತ್ತು.

ಕೆಡವಲು ಗೊತ್ತುಮಾಡಿದ ಮೇಸ್ತ್ರಿಯ ಹುಬ್ಬು ಸದಾ ಬಿಳಿ. ವಯಸ್ಸಿಗಲ್ಲ, ಸುಣ್ಣದ ಧೂಳಿಗೆ. ಮದುವೆಮನೆ ಊಟಕ್ಕೆ ಬಂದಾಗಲೂ ಹಾಗೇ. ಕಾಮಸಮುದ್ರದ ಕಡೆಯವರು. ಕೆಡವುವುದು ಎಂಬ ಮಾತೇ ಅವರಿಗೆ ಆಗದು. "ಕೆಡವೋದು ಮಳೆ ಕಣಮ್ಮ, ನಾನು ಬಿಚ್ತೀನಿ" ಅನ್ನುತ್ತಿದ್ದರು. ಹಿಂದಿನ ದಿನಗಳಲ್ಲಿ ಹಳೇ ಬೇಲಿಯ ಕಂಬಗಳನ್ನು ಸಡಿಲಾದ ಹಲ್ಲು ಕೀಳುವಂತೆ ಅಲ್ಲಾಡಿಸಿ ಅಲ್ಲಾಡಿಸಿ ಎತ್ತಿದ್ದರು. ಬಾಗಿಲ ಮುಂದಿನ ಹಲಗೆ ಜಗಲಿಯನ್ನು ಒಂದು ಹಲಗೆಯೂ ಸೀಳದಂತೆ ಬಿಚ್ಚಿದ್ದರು.

"ಈವಯ್ಯ ಮುಗಿಸೋವಷ್ಟ್ರಲ್ಲಿ ಮನೆ ತಾನೇ ಬಿದ್ದೋಗ್ತದೆ" ಎಂದರು ನಮ್ಮತ್ತೆ.

"ಬಿದ್ರೆ ನಿನ್ ಬಾಯಿಗೇ ಬಿದ್ದಿರ್ತದೆ ಬಿಡು ದೊಡ್ಡಮ್ಮ" ಎಂದರು ಮೇಸ್ತ್ರಿ.

ನಮಗೂ ಪಕ್ಕದ ಮನೆಗೂ ನಡುಗೋಡೆ ಒಂದೇ. ಅದರ ಆಚೆ ಬದಿಗೆ ಪಕ್ಕದ ಮನೆಯವಳು, ಹಸಿ ಬಾಣಂತಿ, ಕೂಸಿನ ಜೊತೆ ಮಲಗಿದ್ದಳು. ಸೂರು ಮುಟ್ಟುವ ಮೊದಲು ಮೇಸ್ತ್ರಿ ಅವಳ ಹೊಸಿಲಲ್ಲಿ ನಿಂತು, "ನಿನ್ ಕಡೆಗೆ ಒಂದಿಡಿ ಮಣ್ಣೂ ಬೀಳಲ್ಲ ಮಗಳೇ. ನನ್ನಾಣೆ" ಎಂದು ಬಂದಿದ್ದರು. ಅವಳೂ ನಂಬಿ, ಎದ್ದುಹೋಗದೆ ಮಲಗಿದಳು.

ತೊಲೆಯ ಒಂದು ತುದಿ ನಡುಗೋಡೆಯ ಮೇಲಿತ್ತು. ಏಣಿಯ ಮೇಲೆ ನಿಂತು ಅದನ್ನು ಇಳಿಸುವಾಗ ಮೇಸ್ತ್ರಿಯ ಕೈ ಜಾರಿತು. ಕೆಳಗೆ ಹಾರೆ ಹಿಡಿದಿದ್ದವನು ಆರ್ಕಾಟಿನ ಕಡೆಯಿಂದ ಹೊಸದಾಗಿ ಬಂದಿದ್ದ, ತಮಿಳು ಬಿಟ್ಟು ಬೇರೆ ಬಾರದ ಆಳು. ಮೇಸ್ತ್ರಿಗೆ ತಮಿಳು ಚೆನ್ನಾಗಿಯೇ ಬರುತ್ತಿತ್ತು. ಆದರೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಹುಟ್ಟಿದೂರಿನ ಮಾತು: "ಇಡಿ! ಇಡೀಲಾ!"

ಹಿಡಿ ಎನ್ನುವುದು ನಮ್ಮ ಕಡೆಯವರ ಬಾಯಲ್ಲಿ ಇಡಿ. ತಮಿಳಿನಲ್ಲಿ ಇಡಿ ಎಂದರೆ ಕೆಡವು. ಆಳು ಹಾರೆ ಎತ್ತಿ ನಡುಗೋಡೆಗೆ ಬೀಸಿ ಹೊಡೆದ.

ತೊಲೆ ಈಚೆ ನೆಲಕ್ಕುರುಳಿತು, ಗೋಡೆ ಆಚೆಗೆ ವಾಲಿತು. ಮೇಸ್ತ್ರಿ ಏಣಿಯಿಂದ ಹಾರಿ, ಹೊಡೆತಕ್ಕೆ ತೂತು ಬಿದ್ದ ಕಡೆ ನುಸುಳಿ, ಆಚೆ ಬದಿಯಿಂದ ಗೋಡೆಗೆ ಬೆನ್ನು ಕೊಟ್ಟು ನಿಂತರು. "ಎದ್ದೋಗೇ ಮಗಳೇ!" ಎಂದು ಕೂಗಿದರು. ನಮ್ಮತ್ತೆ ಬೀದಿ ಬಾಗಿಲಿಂದ ನುಗ್ಗಿ ಕೂಸನ್ನು ಎತ್ತಿಕೊಂಡರು, ನಾನು ಬಾಣಂತಿಯ ರಟ್ಟೆ ಹಿಡಿದೆಳೆದೆ. ನಾವು ಹೊರಗೆ ಬಂದ ಮೇಲೆ ಮೇಸ್ತ್ರಿ ಪಕ್ಕಕ್ಕೆ ಜಿಗಿದರು. ಗೋಡೆಯ ಮೇಲರ್ಧ ಚಾಪೆಯ ಮೇಲೆ ಬಿತ್ತು.

ಆಳು ಅಳುಮುಖ ಮಾಡಿ, "ನೀಂಗದಾನೇ ಇಡಿ ಇಡಿನ್ನು ಸೊನ್ನೀಂಗ?" ಎಂದ, ಕೆಡವು ಅಂದವರು ನೀವೇ ತಾನೇ ಎಂದು.

"ಊಂ ಮತ್ತೆ! ನೀನ್ ಇಡಿ ಅಂದೆ, ಅವ್ನು ಇಡಿದ" ಎಂದು ನಮ್ಮತ್ತೆ ಮೇಸ್ತ್ರಿಯನ್ನೇ ಬೈದರು.

ಮೇಸ್ತ್ರಿ ಆಳನ್ನು ಬೈಯಲಿಲ್ಲ. ಬಾಣಂತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ನನ್ ಮಾತು ಬಿದ್ದೋಯ್ತು ತಾಯಿ. ಗೋಡೆ ನಾನೇ ಎತ್ತಿಕೊಡ್ತೀನಿ" ಎಂದರು.

"ನಿಂಗೆ ಕಟ್ಟಾಕೆ ಬತ್ತದಾ?" ಎಂದಳು ಅವಳು.

"ಇಲ್ಲ."

ಆದರೂ ಕಟ್ಟಿದರು. ಬೇರೆಯವರಿಂದ ಒಂದು ಹೆಂಟೆ ಮಣ್ಣೂ ಇಡಿಸಲಿಲ್ಲ. ಗೋಡೆ ನಡುವೆ ಬಸುರಿಯ ಹೊಟ್ಟೆಯಂತೆ ಉಬ್ಬಿತು. ಅದನ್ನು ಕಂಡು ಊರಿನ ಗಾರೆಯವರೆಲ್ಲ ನಕ್ಕರು, ಮೇಸ್ತ್ರಿಯೂ ನಕ್ಕರು. ಅಂದಿನಿಂದ ಅವರ ಕೆಲಸದಲ್ಲಿ ಹಿಡಿ ಎನ್ನಲು ತೆಲುಗಿನ 'ಪಟ್ಕೋ' ಒಂದೇ ಮಾತು. ಕೆಲವು ವರ್ಷಕ್ಕೆ ಎದೆನೋವಿನಿಂದ ತೀರಿಕೊಂಡರು. ಮಣ್ಣಿಗೆ ಹೋದಾಗ ಆ ಪಕ್ಕದ ಮನೆಯವಳು ತನ್ನ ತಂದೆ ಹೋದಂತೆ ಅತ್ತಳು. ಗೋಡೆ ಈಗಲೂ ನಿಂತಿದೆ. ಅದಕ್ಕೊರಗಿ ಕೂತಾಗ ಬೆನ್ನಿಗೆ ಆ ಉಬ್ಬು ತಾಗುತ್ತದೆ.

ಗೋಡೆ ಬಿದ್ದ ಆ ಸಂಜೆ ಎರಡು ಮನೆಗೂ ನಡುವೆ ಸೊಂಟದೆತ್ತರದ ಮೋಟುಗೋಡೆ ಬಿಟ್ಟರೆ ಏನೂ ಇರಲಿಲ್ಲ. ಪಕ್ಕದ ಮನೆಯ ಒಲೆಯಲ್ಲೇ ಮುದ್ದೆ ತೊಳಸಿ, ಹುರುಳಿಕಾಳಿನ ಸಾರು ಮಾಡಿದೆ. ಬಾಣಂತಿಗೆ ಮೆಣಸಿನ ಸಾರು, ಅನ್ನ. ಮೇಸ್ತ್ರಿ ಉಣ್ಣಲು ಒಲ್ಲೆ ಎಂದರು. ಅವಳು ಕೂಸನ್ನು ತಂದು ಅವರ ತೊಡೆಯ ಮೇಲೆ ಮಲಗಿಸಿ, ಮುಂದೆ ತಟ್ಟೆ ಇಟ್ಟಳು. ಅಲ್ಲಾಡಿದರೆ ಕೂಸು ಅತ್ತೀತೆಂದು ಅವರು ಒಂದೇ ಕೈಯಲ್ಲಿ ಮುದ್ದೆ ಮುರಿದು ಮೆಲ್ಲಗೆ ಉಂಡರು. ಆ ರಾತ್ರಿ ನಮ್ಮೆಲ್ಲರಿಗಿಂತ ಮೊದಲು ನಿದ್ದೆ ಹೋದದ್ದು ಅವರ ತೊಡೆಯ ಮೇಲಿನ ಕೂಸು.