ಸೊಸೆಯ ಹೆಸರು ಬರೆಸಲು ತಿರುಪ್ಪೂರಿಗೆ

ಬೆಳಿಗ್ಗೆ ಆರೂವರೆಗೆ ಸಿರುಮುಗೈಯಲ್ಲಿ ಬಸ್ಸು ಹತ್ತಿದೆ. ಅನ್ನೂರು, ಅವಿನಾಶಿಗಳಲ್ಲಿ ಇಳಿದು ಹತ್ತಿ ತಿರುಪ್ಪೂರು ತಲುಪಲು ಎರಡೂವರೆ ತಾಸು ಹಿಡಿಯಿತು; ಟಿಕೆಟ್ಟು ಒಟ್ಟು ಐವತ್ತೆಂಟು ರೂಪಾಯಿ. ಮಗ ಅಲ್ಲಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ಸರಕು ಕಳಿಸುವ ವಾರ, ಅವನಿಗೆ ರಜೆ ಇರಲಿಲ್ಲ. ಏಳು ತಿಂಗಳ ಬಸುರಿ ಸೊಸೆಯ ಹೆಸರನ್ನು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬರೆಸಬೇಕಿತ್ತು. ಅಲ್ಲಿ ಬಸುರಿಯರಿಗೆ ಕೊಡುವ ನೋಂದಣಿ ನಂಬರಿಲ್ಲವೆಂದು ಒಂದು ಆಸ್ಪತ್ರೆಯವರು ಅವಳನ್ನು ಹಿಂದಕ್ಕೆ ಕಳಿಸಿದ್ದರು.

"ಸುಳ್ ಹೇಳಿದ್ ಬಾಯಿ ನಿಮ್ದು. ನೀವೇ ಹೋಗಿ," ಎಂದಿದ್ದಳು ನನ್ನ ಹೆಂಡತಿ.

ಆ ಸುಳ್ಳನ್ನು ಹೇಳಿಬಿಡುತ್ತೇನೆ. ಮಗ ಶ್ರೀಲಂಕಾದಲ್ಲಿ ಕೆಲಸಕ್ಕಿದ್ದಾಗ ನಮ್ಮನ್ನು ಕೇಳದೆ ಅಲ್ಲಿನ ತಮಿಳು ಹುಡುಗಿ ಯೋಗೇಶ್ವರಿಯನ್ನು ಮದುವೆಯಾದ. ಅವಳು ನಾಲ್ಕು ತಿಂಗಳ ಬಸುರಿಯಾಗಿದ್ದಾಗ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟ. ನಮ್ಮ ನೇಕಾರರ ಬೀದಿಗೆ ನಾನು ಅವಳ ಸುದ್ದಿ ತಿಳಿಸಿರಲಿಲ್ಲ. ಅದೇ ವಾರ ಆರೋಗ್ಯ ಕೇಂದ್ರದ ನರ್ಸಮ್ಮ ಬಾಗಿಲಿಗೆ ಬಂದು, ಬಸುರಿಯರಿದ್ದಾರೆಯೇ ಎಂದು ಕೇಳಿದರು. ಹೆಸರು ಬರೆದುಕೊಂಡರೆ ಸಂಜೆಯೊಳಗೆ ಬೀದಿಗೆಲ್ಲ ತಿಳಿಯುತ್ತದೆ. ಯಾರೂ ಇಲ್ಲವೆಂದೆ. ಸೊಸೆ ಒಳಗೆ ಮಲಗಿದ್ದಳು. ಮುಂದಿನ ತಿಂಗಳು ಮಗ ತಿರುಪ್ಪೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಅವಳನ್ನು ಕರೆದೊಯ್ದ.

ಯೋಗೇಶ್ವರಿ ಪಾಸ್‌ಪೋರ್ಟು, ಮದುವೆ ಕಾಗದ, ತನ್ನೂರಿನ ನರ್ಸಮ್ಮ ಕೊಟ್ಟಿದ್ದ ಕಾರ್ಡು ಹಿಡಿದು ಆ ಕೋಣೆಯ ಬಾಗಿಲಲ್ಲಿ ಕಾದಿದ್ದಳು. ಕಾಲು ಊದಿ, ಗಂಡನ ಚಪ್ಪಲಿ ಮೆಟ್ಟಿದ್ದಳು. ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಕಂಡಕ್ಟರು ನನ್ನೊಬ್ಬನ ಕೈಯಿಂದ ಕಾಸು ಪಡೆದಾಗ ಅವಳು ತಮಿಳಿನಲ್ಲಿ, "ಈ ಊರಲ್ಲಿ ನಿಮಗಿಂತ ನನಗೇ ಮರ್ಯಾದೆ ಜಾಸ್ತಿ, ಮಾಮಾ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಕೇಂದ್ರದಲ್ಲಿ ಒಂದು ತಾಸು ಬೆಂಚಿನ ಮೇಲೆ ಕೂತೆವು. ಅಲ್ಲಿನ ನರ್ಸಮ್ಮ ಇಷ್ಟು ತಡವೇಕೆ ಎಂದು ಕೇಳಿದರು.

"ನಮ್ಮೂರಲ್ಲಿ ಮನೆಗೇ ಬರ್ತಾರೆ. ಇಲ್ಲೂ ಬರ್ತಾರೇಂತ ಕಾದೆ," ಎಂದಳು ಯೋಗೇಶ್ವರಿ.

"ಇಲ್ಲೂ ಬರ್ತೀವಮ್ಮಾ. ಬಿಸಿಲಲ್ಲಿ ಬೀದಿ ಬೀದಿ ಸುತ್ತೋದು ಮತ್ಯಾಕೆ? ನೀನೇ ಅಸಡ್ಡೆ ಮಾಡಿರ್ತೀಯ."

ಅದನ್ನೇ ಬರೆಯಲು ಅವರು ಪೆನ್ನು ಎತ್ತಿದರು. ಯೋಗೇಶ್ವರಿ ತಲೆ ತಗ್ಗಿಸಿದಳು. ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಸಿರುಮುಗೈಯಲ್ಲಿ ನರ್ಸಮ್ಮ ಬಂದಿದ್ರು," ಎಂದೆ. "ಬಾಗಿಲಲ್ಲಿ ನಾನಿದ್ದೆ. ಬಸುರಿ ಯಾರೂ ಇಲ್ಲ ಅಂದು ಕಳಿಸ್ದೆ."

ನರ್ಸಮ್ಮ ಅದನ್ನು ಬರೆಯದೆ ಅವಳ ಕಡೆ ತಿರುಗಿದರು. ರಕ್ತದೊತ್ತಡ ನೋಡಿ, ಮತ್ತೊಮ್ಮೆ ನೋಡಿ, ನಂಬರು ಬರೆದುಕೊಟ್ಟು, ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಅವಳಿಗೆ ಹೇಳಿದರು. ಅಲ್ಲಿ ಒಳಗೆ ಸೇರಿಸಿಕೊಂಡರು. ಒತ್ತಡ ಇಳಿಯುವವರೆಗೆ ಇರಬೇಕು, ಮಗುವಿನ ಎದೆಬಡಿತ ಸರಿಯಾಗಿದೆ ಎಂದರು. ಫೋನು ಮಾಡಿ ಕರೆಸಿದ ಮೇಲೆ ಹೆಂಡತಿ ಬಂದು ಮಂಚದ ಪಕ್ಕ ಕೂತಳು.

ನಾನು ಹೊರಟಾಗ ಯೋಗೇಶ್ವರಿ, ನನ್ನ ಸುಳ್ಳು ತಿಳಿದ ಮೇಲೆ ಮೊದಲ ಸಲ, ಬಾಯಿ ಬಿಟ್ಟಳು: "ನಾನು ಇದೀನಿ ಅಂತ ಬೀದಿಗೆ ಹೇಳಿ, ಮಾಮಾ. ಆಮೇಲೆ ನನ್ನ ಹತ್ರ ಮಾತಾಡಿ."

ಸಿರುಮುಗೈಯಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಜಗಲಿಯ ಮೇಲೆ ನೂಲು ಬಿಡಿಸುತ್ತಿದ್ದ ಪಕ್ಕದ ಮನೆಯವನು, "ಏನಣ್ಣಾ, ಬೆಳಿಗ್ಗೇನೇ ಎಲ್ಲಿಗ್ ಹೋಗಿದ್ರಿ?" ಎಂದ.

ಬೀದಿಯ ನಡುವೆ ನಿಂತೆ. ನಾಲ್ಕು ಮನೆಗೆ ಕೇಳುವ ಹಾಗೆ ಹೇಳಿದೆ: "ನನ್ ಸೊಸೆ ಆಸ್ಪತ್ರೇಲಿದಾಳೆ. ಹೆಸರು ಯೋಗೇಶ್ವರಿ. ಅವ್ಳಿಗೀಗ ಏಳು ತಿಂಗಳು."