ಮುದ್ದಮ್ಮನ ಗಂಡನಿಗೆ ಅಣ್ಣನ ರಕ್ತ

ದುದ್ದದ ಮುದ್ದಮ್ಮ ತೆಂಗಿನಕಡ್ಡಿ ಪೊರಕೆ ಕಟ್ಟಿ ಹಾಸನದಲ್ಲಿ ಮಾರುತ್ತಿದ್ದಳು. ಪೊರಕೆ ಗಟ್ಟಿ, ಬಾಯಿ ಇನ್ನೂ ಗಟ್ಟಿ. ಚೌಕಾಸಿ ಮಾಡುವವರನ್ನು, "ಗುಡ್ಸಕ್ಕೆ ತಗತೀರೋ, ಮದ್ವೆ ಮಾಡ್ಕಳಕ್ಕೋ?" ಎಂದು ಕೇಳಿ ಮುಂದಕ್ಕೆ ನಡೆಯುತ್ತಿದ್ದಳು. ಪಕ್ಕದ ಮನೆಯವಳಾದ ನಾನು ಆ ಬಾಯಿಗೆ ಹೆದರಿಯೇ ನನ್ನ ಕೋಳಿಗಳನ್ನು ಹದ್ದುಬಸ್ತಿನಲ್ಲಿಟ್ಟಿದ್ದೆ.

ಅರವತ್ತೆರಡನೇ ಇಸವಿಯಲ್ಲಿ ಅವಳ ಗಂಡ ಮಂಚಯ್ಯನ ಹೊಟ್ಟೆಯ ಬಲಗಡೆ ಗೆಡ್ಡೆಯೊಂದು ಕೈಗೆ ಸಿಕ್ಕಿತು. ಹಾಸನದ ಆಸ್ಪತ್ರೆಯ ಸರ್ಜನ್ ಒತ್ತಿ ನೋಡಿ, ಅದು ಲಿವರಿನ ಕ್ಯಾನ್ಸರ್ ಇದ್ದಂತಿದೆ, ಅಂಚಿನಲ್ಲಿರುವುದರಿಂದ ಕೊಯ್ದು ತೆಗೆಯಬಹುದು ಎಂದರು. ಲಿವರ್ ಅಂದರೆ, ಕುರಿಯದಾದರೆ ನಾವು ಈಲಿ ಅನ್ನುತ್ತೇವಲ್ಲ, ಅದು. ಕೊಯ್ದರೆ ರಕ್ತ ಸುಲಭಕ್ಕೆ ನಿಲ್ಲುವುದಿಲ್ಲವಂತೆ. ಹೊಂದುವ ರಕ್ತ ಬಾಟ್ಲಿಯಲ್ಲಿ ಸಿದ್ಧವಾಗದೆ ತಾನು ಕತ್ತಿ ಮುಟ್ಟುವುದಿಲ್ಲ ಎಂದುಬಿಟ್ಟರು.

ಮಂಚಯ್ಯನ ದಾಯಾದಿಗಳು ರಕ್ತ ಕೊಡಲು ಗಾಡಿ ಕಟ್ಟಿಕೊಂಡು ಬಂದರು. ಸೂಜಿಯ ಗಾತ್ರ ನೋಡಿದ ಕೂಡಲೇ ಒಬ್ಬನಿಗೆ ಹಸುವಿಗೆ ಹುಲ್ಲು ಹಾಕಿಲ್ಲವೆಂದು ನೆನಪಾಯಿತು. ಇನ್ನೊಬ್ಬನಿಗೂ ಅದೇ ಹಸು ನೆನಪಾಯಿತು. ಉಳಿದವರು ಗಾಡಿ ತಪ್ಪಿಹೋದೀತೆಂದು ಅವರ ಹಿಂದೆಯೇ ಓಡಿದರು. ಮುದ್ದಮ್ಮ ತೋಳು ಚಾಚಿದಳು, ರಕ್ತ ಹೊಂದಲಿಲ್ಲ. ಮಂಚಯ್ಯನ ಅಕ್ಕ ಬೆಟ್ಟಮ್ಮ ಚಾಚಿದಳು, ಅದೂ ಹೊಂದಲಿಲ್ಲ. ಹೊಂದಿದ್ದು ಮುದ್ದಮ್ಮನ ಅಣ್ಣ ಹುಚ್ಚಯ್ಯನದು. ಕೋಳಿ ಕೊಯ್ಯುವ ಮನೆಯ ಮುಂದೆ ಹಾಯಲೂ ಹೆದರುವ ಮನುಷ್ಯ ಅವನು. ಆದರೂ ಹಲ್ಲು ಕಚ್ಚಿಕೊಂಡು ಅಂಗಿಯ ತೋಳು ಮಡಿಚಿದ.

ಆಗ ಬೆಟ್ಟಮ್ಮ ಅಡ್ಡ ಬಂದಳು. ಯಾರು ಯಾರಿಗೆ ಏನಾಗಬೇಕು ಎಂಬ ವರಸೆಯನ್ನೆಲ್ಲ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದವಳು ಅವಳು. ಮಂಚಯ್ಯನ ಮಗಳನ್ನು ಹುಚ್ಚಯ್ಯನ ಮಗನಿಗೆ ಕೊಡುವುದೆಂದು ಮಾತಾಗಿ, ವೀಳ್ಯಶಾಸ್ತ್ರವೂ ಮುಗಿದಿತ್ತು.

"ರಕ್ತ ಕೊಡು, ಬ್ಯಾಡ ಅನ್ನಕಿಲ್ಲ," ಎಂದಳು ಬೆಟ್ಟಮ್ಮ. "ಆದ್ರೆ ಕೊಟ್ಮೇಲೆ ನೀನು ಮಂಚಯ್ಯಂಗೆ ಒಡುಟ್ಟಿದೋನಾಯ್ತೀಯ. ನಂಗೂ ತಮ್ಮ. ಮಕ್ಳು ಅಣ್ಣತಂಗಿ ಆಯ್ತವೆ. ಮದ್ವೆ ಮುರುದಂಗೇ ಕಣಪ್ಪ."

ಹುಚ್ಚಯ್ಯನ ಕೈ ಅಲ್ಲಿಗೇ ನಿಂತಿತು. ಮಗ ಆ ಹುಡುಗಿಯೇ ಬೇಕೆಂದು ಊಟ ಬಿಟ್ಟು ಕೂತದ್ದು ಅವನಿಗೆ ಮರೆತಿರಲಿಲ್ಲ. ಒಳಗೆ ಭಾವ ನರಳುವುದೂ ಕೇಳಿಸುತ್ತಿತ್ತು. ಅಂಗಿಯ ತೋಳನ್ನು ಇಳಿಸಿದ, ಮತ್ತೆ ಮಡಿಚಿದ, ಮತ್ತೆ ಇಳಿಸಿದ. ಜೊತೆಗೆ ಬಂದಿದ್ದ ನನಗೋ ಬೆಟ್ಟಮ್ಮನನ್ನು ಅಲ್ಲೇ ಬಾವಿಗೆ ನೂಕುವಷ್ಟು ಸಿಟ್ಟು ಬಂದಿತ್ತು. ಆಸ್ಪತ್ರೆಯ ಬಾವಿಗೆ ಕಬ್ಬಿಣದ ಮುಚ್ಚಳವಿತ್ತು.

ಮುದ್ದಮ್ಮ ಕೊರಳ ತಾಳಿಯನ್ನು ಕೈಗೆ ತೆಗೆದುಕೊಂಡಳು.

"ಸರಿ ಬುಡಿ ಅತ್ಗೆ. ನಮ್ಮಣ್ಣನ ರಕ್ತ ಇಳುದ್ರೆ ನನ್ ಗಂಡ ನಂಗೂ ಅಣ್ಣನೇ ಆಯ್ತಾನೆ. ಅಣ್ಣನ ಜತೇಲಿ ಸಂಸಾರ ಮಾಡಕಾಯ್ತದಾ? ಇದ ಬಿಚ್ಚಿ ನಿಮ್ ಕೈಗ್ ಕೊಟ್ಟು ತವರಿಗೆ ಓಯ್ತೀನಿ. ನಿಮ್ ತಮ್ಮನ್ನ ನೀವೇ ಮಡಿಕ್ಕಳಿ. ಕಣ್ ಬುಡಕ್ ಮುಂಚೆ ಬೀಡಿ ಕೇಳ್ತಾನೆ, ಉಪ್ಪು ಕಮ್ಮಿ ಅಂತ ತಟ್ಟೆ ನೂಕ್ತಾನೆ. ಗೊರಕೆ ಬ್ಯಾರೆ."

"ಗಂಡನ್ ಮಾತು ಬ್ಯಾರೆ ಕಣೇ, ಮಕ್ಳ ಮಾತು ಬ್ಯಾರೆ."

"ರಕ್ತಕ್ಕೆ ಅದೆಲ್ಲಿ ಗೊತ್ತಾಯ್ತದೆ? ಕೆಟ್ರೆ ಎಲ್ಲಾರ ವರಸೇನೂ ಕೆಡ್ಲಿ."

ಬೆಟ್ಟಮ್ಮನಿಗೆ ತಮ್ಮನ ಮೇಲೆ ಪ್ರಾಣವೇನೋ ಇತ್ತು, ಅವನ ಗೊರಕೆಯ ಮೇಲೆ ಇರಲಿಲ್ಲ. "ಏನಾರ ಮಾಡ್ಕಳಿ," ಎಂದು ಗೋಡೆಯ ಕಡೆ ತಿರುಗಿ ಕೂತಳು. ಹುಚ್ಚಯ್ಯ ಕಣ್ಣು ಮುಚ್ಚಿ ತೋಳು ಕೊಟ್ಟ. ಕೊಟ್ಟಾದ ಮೇಲೆ ಧೈರ್ಯವಾಗಿ ಎದ್ದು ನಿಂತು ಮೂರ್ಛೆ ಹೋದ. ಅವನನ್ನೂ ಒಂದು ಮಂಚದ ಮೇಲೆ ಮಲಗಿಸಿದರು.

ಆಪರೇಷನ್ ಆ ಒಂದು ಬಾಟ್ಲಿಯಲ್ಲೇ ಮುಗಿಯಿತು. ರಕ್ತ ಹೆಚ್ಚು ಹೋಗದಿದ್ದುದೇ ಪುಣ್ಯ, ಆದರೆ ಗೆಡ್ಡೆ ಮತ್ತೆ ಬೆಳೆಯಬಹುದು, ಎಷ್ಟು ಕಾಲ ಬದುಕುತ್ತಾನೆಂದು ಹೇಳಲಾರೆ ಎಂದರು ಸರ್ಜನ್. "ನೀವು ಯೋಳ್ಬ್ಯಾಡಿ ಸಾ, ನಾನೂ ಕೇಳಕಿಲ್ಲ," ಎಂದು ಮುದ್ದಮ್ಮ ಅವರಿಗೆ ಒಂದು ಜೊತೆ ಪೊರಕೆ ಕೊಟ್ಟು ಬಂದಳು.

ಮದುವೆ ನಡೆಯಿತು. ಮಂಚಯ್ಯ ಮೊಮ್ಮಗನನ್ನು ಹೆಗಲ ಮೇಲೆ ಹೊತ್ತು ಕೆರೆ ಏರಿಯ ಮೇಲೆ ಓಡಾಡಿದ. ಅವನಿಗೆ ಸಿಟ್ಟು ಬಂದಾಗಲೆಲ್ಲ, "ನಮ್ ತವರಿನ ರಕ್ತ ಅದು, ಸುಮ್ಸುಮ್ನೆ ಕುದಿಸ್ಬ್ಯಾಡ," ಎಂದು ಮುದ್ದಮ್ಮ ಬಾಯಿ ಮುಚ್ಚಿಸುತ್ತಿದ್ದಳು. ಹಬ್ಬದ ಕೋಳಿ ಕೊಯ್ಯಲು ಅವನು ಸೋಮಾರಿತನ ಮಾಡಿದರೆ ಅದೂ ಹುಚ್ಚಯ್ಯನ ಬಾಟ್ಲಿಯದೇ ತಪ್ಪು.

ಅರವತ್ತೇಳರಲ್ಲಿ ಗೆಡ್ಡೆ ಮತ್ತೆ ಬಂತು. ಈ ಸಲ ಕೊಯ್ಯುವಂತಿರಲಿಲ್ಲ. ಮಂಚಯ್ಯ ಹೋದ. ಮುದ್ದಮ್ಮ ಅತ್ತದ್ದನ್ನು ನಾನು ನೋಡಿದ್ದು ಆಗಲೇ. ನನಗೂ ತಡೆದುಕೊಳ್ಳಲಾಗಲಿಲ್ಲ.

ತಿಥಿಯ ದಿನ ದಾಯಾದಿಗಳು ತಲೆ ಬೋಳಿಸಿಕೊಳ್ಳಲು ಹಿತ್ತಲಿನಲ್ಲಿ ಸಾಲಾಗಿ ಕೂತರು. ಹಸು ನೆನಪಾದವರೂ ಕೂತಿದ್ದರು. ಸಾಲಿನ ಕೊನೆಗೆ ಹುಚ್ಚಯ್ಯ ಹೋಗಿ ಕೂತು ತಲೆಯ ಟವಲು ತೆಗೆದ. ಹೆಂಡತಿಯ ಅಣ್ಣ ತಲೆ ಬೋಳಿಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಕ್ಷೌರದ ಕತ್ತಿ ಹಿಡಿದಿದ್ದ ಸಣ್ಣಯ್ಯ ಕೈ ತಡೆದ.

"ಬಾವನ ಜತೆ ನಂದೂ ಒಂದ್ ಬಾಟ್ಲಿ ಮಣ್ಣಿಗೋಯ್ತು ಕಣ್ಲಾ," ಎಂದ ಹುಚ್ಚಯ್ಯ.

ಸಣ್ಣಯ್ಯ ಬೆಟ್ಟಮ್ಮನ ಮುಖ ನೋಡಿದ. ಎಲ್ಲರೂ ನೋಡಿದರು.

"ಬೋಳ್ಸು," ಎಂದಳು ಬೆಟ್ಟಮ್ಮ. "ಆವತ್ತೇ ನಾನು ಯೋಳ್ನಿಲ್ವಾ, ಅವ್ನು ನನ್ ತಮ್ಮ ಅಂತ?"

ಮುದ್ದಮ್ಮ ಅಣ್ಣನ ತಲೆ ನೆನೆಸಲು ಚೊಂಬಿನಲ್ಲಿ ನೀರು ತಂದುಕೊಟ್ಟಳು.